ಕಂಪನಿ ಹಾಡಿಗೆ ಟ್ರ್ಯಾಕ್ ಹಾಕಬ್ಯಾಡ್ರಿ

‘ರಂಗಗೀತೆ’ ಅನ್ನೋ ಶಬ್ದ ಕೇಳಿದ್ರ ಈಗೀಗ ನನಗ ಸಿಟ್ಟು ಬರ್ತೈತಿ. ಶಬ್ದದ ತಪ್ಪೇನಿಲ್ಲ ಬಿಡ್ರಿ. ಆ ಹೆಸರು ಹಚ್ಚಿ ನಮ್ಮ ವೇದಿಕೆಗಳ ಮೇಲೆ ನಡೆದಿರೋದು ಏನೈತಲ್ಲ, ಸಿಟ್ಟು ಅದರ ಮ್ಯಾಲೆ. ಆಗಸ್ಟ್ 15 ಬರಲಿ, ರಾಜ್ಯೋತ್ಸವ ಬರಲಿ, ಆಮಂತ್ರಣ ಪತ್ರಿಕೆಯಲ್ಲಿ ‘ರಂಗಗೀತೆಗಳ ಗಾಯನ’ ಅಂತ ಒಂದು ಸಾಲು ಇದ್ದೇ ಇರುತ್ತದೆ. ಒಂದೇ ಬಣ್ಣದ ಜುಬ್ಬಾ ಹಾಕಿಕೊಂಡ ಐದಾರು ಮಂದಿ ಬರುತ್ತಾರೆ. ಒಬ್ಬರು ಮೊಬೈಲಿನಿಂದ ಟ್ರ್ಯಾಕ್ ಬಿಡುತ್ತಾರೆ. ಮೂರು ಹಾಡು, ಹನ್ನೆರಡು ನಿಮಿಷ. ಆಮೇಲೆ ಶಾಲು, ಹಾರ, ಫೋಟೋ. ಆ ಹಾಡು ಯಾವ ನಾಟಕದ್ದು, ಯಾವ ಪಾತ್ರದ್ದು, ಯಾವ ಪ್ರಸಂಗದಲ್ಲಿ ಬರುತ್ತದೆ, ಬರೆದವರು ಯಾರು, ಯಾವ ಕಾಲದಲ್ಲಿ ಜನ ಅದಕ್ಕೆ ಒನ್ಸ್‌ಮೋರ್ ಕೊಡುತ್ತಿದ್ದರು, ಇದರಲ್ಲಿ ಒಂದನ್ನೂ ಯಾರೂ ಹೇಳುವುದಿಲ್ಲ.

ಸ್ವಾತಂತ್ರ್ಯದ 75ನೇ ವರ್ಷದ ಗದ್ದಲದಾಗ ಇಂಥದೇ ಒಂದು ಕಾರ್ಯಕ್ರಮಕ್ಕೆ ನಮ್ಮ ಕರ್ಜಗಿ ಕಡೆಯ ಒಬ್ಬ ಹಿರಿಯ ಪೇಟಿ ಮಾಸ್ತರರನ್ನು ಕರೆದುಕೊಂಡು ಹೋಗಿದ್ದೆ. ಯಾರ ಕಾರ್ಯಕ್ರಮ ಅಂತ ಹೇಳೂದಿಲ್ಲ. ಹೇಳಿದ್ರ ಅವರೊಬ್ಬರದೇ ತಪ್ಪು ಅಂದಂಗ ಆಕ್ಕೈತಿ. ಮಾಸ್ತರರಿಗೆ ತೊಂಬತ್ತರ ಹತ್ತಿರ ವಯಸ್ಸು. ಹುಡುಗರಿದ್ದಾಗ ಕಂಪನಿಯೊಳಗೆ ಬಾಲಪಾತ್ರ ಮಾಡಿದವರು, ಮುಂದೆ ಸುತ್ತಲಿನ ಹಳ್ಳಿ ನಾಟಕಗಳಿಗೆಲ್ಲ ಪೇಟಿ ನುಡಿಸಿದವರು. ಸಂಘಟಕರು ಹೇಳಿದ್ದು ಇಷ್ಟು: “ಅಜ್ಜಾರ, ಪೇಟಿ ಬ್ಯಾಡ್ರಿ, ಟ್ರ್ಯಾಕ್ ಐತಿ. ಮಾತೂ ಬ್ಯಾಡ. ಒಂದು ದೇಶಭಕ್ತಿದು ಹಾಡಿಬಿಡ್ರಿ, ಮೂರು ನಿಮಿಷದ್ದು.” ಮಾಸ್ತರರು ಕೇಳಿದರು: “ಕಂಸನ ನಾಟಕದಾಗಿಂದು ಹಾಡ್ಲೇನಪಾ?” ಹುಡುಗರು ನಕ್ಕರು. “ಕಂಸಂದು ದೇಶಭಕ್ತಿ ಹೆಂಗ್ ಆಕ್ಕೈತ್ರಿ ಅಜ್ಜಾರ?”

ಹೆಂಗ್ ಆಕ್ಕೈತಿ ಅನ್ನೋದನ್ನ ಹೇಳಾಕ ಈ ಲೇಖನ.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ನಮ್ಮನ್ನು ಯಾರೂ ಕೇಳಲಿಲ್ಲ. ವೈಸರಾಯ್ ಸಾಹೇಬರು ಇಂಡಿಯಾ ಯುದ್ಧದಲ್ಲಿದೆ ಅಂತ ಸಾರಿದರು, ನಾವು ಯುದ್ಧದಲ್ಲಿದ್ದೆವು. 1942ರ ಮಾರ್ಚಿನಲ್ಲಿ ಜಪಾನಿನವರು ರಂಗೂನ್ ಹಿಡಿದರು. ಬರ್ಮಾದ ಎಣ್ಣೆ ನಿಂತಿತು, ಚಿಮಣಿ ಎಣ್ಣೆಗೆ ತತ್ವಾರ ಆಯಿತು. ಅಕ್ಕಿ, ಸಕ್ಕರೆ, ಅರಿವೆ ಎಲ್ಲಕ್ಕೂ ಲೆಕ್ಕ. ಕಾಗದಕ್ಕೂ ನಿಯಂತ್ರಣ. ಆ ಆಗಸ್ಟಿನಲ್ಲಿ ‘ಕ್ವಿಟ್ ಇಂಡಿಯಾ’ ಕರೆ ಬಂತು. ಬಂದ ಮರುದಿನವೇ ಗಾಂಧೀಜಿ ಮೊದಲಾದ ಮುಖಂಡರೆಲ್ಲ ಜೇಲಿನೊಳಗೆ. ಕಾಂಗ್ರೆಸ್ಸಿನ ಮೇಲೆ ನಿಷೇಧ, ಸಭೆ ಮೆರವಣಿಗೆಗಳ ಮೇಲೆ ನಿರ್ಬಂಧ, ಪತ್ರಿಕೆಗಳ ಬಾಯಿಗೆ ಬೀಗ.

ಅಂಥಾ ಕಾಲದಾಗ ನೂರಾರು ಮಂದಿ ಒಂದು ಕಡೆ ಕುಳಿತು ಒಬ್ಬನ ಮಾತು ಕೇಳೋದು ಎಲ್ಲಿ ಸಾಧ್ಯ ಇತ್ತು ಹೇಳ್ರಿ? ಜಾತ್ರೆಯಲ್ಲಿ, ಮಠದಲ್ಲಿ, ನಾಟಕದ ತಂಬುವಿನಲ್ಲಿ. ತಂಬುವಿನಲ್ಲಿ ಟಿಕೀಟು ತೆಗೆದುಕೊಂಡು ಕುಳಿತವರನ್ನು ‘ಯಾಕ ಕೂಡೀರಿ’ ಅಂತ ಕೇಳುವುದು ಪೋಲೀಸನಿಗೂ ಕಷ್ಟ. ನಾಟಕ ನೋಡಾಕ ಕೂಡ್ಯಾರ, ಇನ್ನೇನು!

ಸರ್ಕಾರಕ್ಕೆ ಇದು ತಿಳಿಯದ ವಿಷಯವೇನಲ್ಲ. ನಾಟಕಗಳ ಬಾಯಿ ಕಟ್ಟಲೆಂದೇ 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ಮಾಡಿದ್ದರು. ರಾಜದ್ರೋಹ ಅನ್ನಿಸಿದ ಯಾವ ನಾಟಕವನ್ನಾದರೂ ನಿಲ್ಲಿಸಬಹುದಿತ್ತು. ಆಗ ನಮ್ಮ ಹಾವೇರಿ ಸೀಮೆ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬೈ ಪ್ರಾಂತದಲ್ಲಿತ್ತು. ಅದೇ ಪ್ರಾಂತದಲ್ಲಿ ಖಾಡಿಲಕರರು 1907ರಲ್ಲಿ ‘ಕೀಚಕವಧ’ ಎಂಬ ಮರಾಠಿ ನಾಟಕ ಬರೆದಿದ್ದರು. ಕಥೆ ಮಹಾಭಾರತದ್ದು. ಆದರೆ ಕೀಚಕನೊಳಗೆ ಜನರಿಗೆ ಕಂಡದ್ದು ಲಾರ್ಡ್ ಕರ್ಜನ್, ದ್ರೌಪದಿಯೊಳಗೆ ಕಂಡದ್ದು ಭಾರತ. 1910ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಅಂದರೆ ಪುರಾಣದ ನಾಟಕದ ಒಳಗೆ ಏನಿದೆ ಅನ್ನೋದು ಸರ್ಕಾರಕ್ಕೆ ನಮಗಿಂತ ಚೆನ್ನಾಗಿ ತಿಳಿದಿತ್ತು. ಕೀಚಕ ಕರ್ಜನ್ ಆಗಬಹುದಾದರೆ ತಂಗಿಯನ್ನೂ ಭಾವನನ್ನೂ ಸೆರೆಯಲ್ಲಿಟ್ಟ ಕಂಸ ಯಾರು ಬೇಕಾದರೂ ಆಗಬಹುದು. ದೇಶದ ಮುಖಂಡರೆಲ್ಲ ಜೇಲಿನಲ್ಲಿದ್ದಾಗ ರಂಗದ ಮೇಲೆ ಸೆರೆಮನೆಯ ಬಾಗಿಲು ಕಂಡರೆ ನೋಡುವವನ ಎದೆಯಲ್ಲಿ ಏನು ಎದ್ದೀತು? ಅದನ್ನು ನಿಷೇಧಿಸಲು ಯಾವ ಕಲೆಕ್ಟರನಿಗೆ ಆದೀತು? ಭಾಗವತವನ್ನೇ ನಿಷೇಧಿಸಬೇಕಾಗುತ್ತಿತ್ತು.

ಇನ್ನೊಂದು ಮಾತು. ಆ 1876ರ ಕಾಯ್ದೆಯನ್ನು ನಮ್ಮ ಸಂಸತ್ತು ಪುಸ್ತಕದಿಂದ ತೆಗೆದುಹಾಕಿದ್ದು ಯಾವಾಗ ಗೊತ್ತೇನ್ರಿ? 2018ರಲ್ಲಿ. ಬ್ರಿಟಿಷರು ಹೋಗಿ ಎಪ್ಪತ್ತು ವರ್ಷ ಆದ ಮ್ಯಾಲೆ.

ಹಾಡಿನ ಚರ್ಮ ಒಂದು, ತಿರುಳು ಇನ್ನೊಂದು ಆಗಿರುವುದಕ್ಕೆ ಬಹಳ ದೊಡ್ಡ ಉದಾಹರಣೆ ನಮ್ಮವರದೇ ಒಂದು ಇದೆ. 1943ರ ಜನವರಿಯಲ್ಲಿ ‘ಕಿಸ್ಮತ್’ ಎಂಬ ಹಿಂದಿ ಚಿತ್ರ ಬಂತು. ಬಾಂಬೆ ಟಾಕೀಸ್‌ನದು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಓಡಿತು. ಅದರಲ್ಲಿ ಪರಕೀಯರನ್ನು ದೂರ ಸರಿಯಿರಿ ಎನ್ನುವ ಒಂದು ಹಾಡು ಬರುತ್ತದೆ. ಬರೆದವರು ಕವಿ ಪ್ರದೀಪ್, ಸಂಗೀತ ಅನಿಲ್ ಬಿಸ್ವಾಸ್. ಚಿತ್ರದೊಳಗೂ ಅದು ಬರುವುದು ನಾಟಕಶಾಲೆಯ ರಂಗದ ಮೇಲೆಯೇ. ತೆರೆ, ಕುಣಿಯುವ ಮೇಳ, ಎದುರಿಗೆ ಪ್ರೇಕ್ಷಕರು, ಎಲ್ಲ ಇವೆ. ಹಾಡಿನಲ್ಲಿ ಜರ್ಮನಿ, ಜಪಾನುಗಳ ಹೆಸರು ತಂದಿದ್ದರಿಂದ ಸೆನ್ಸಾರಿನವರಿಗೆ ಅದು ಯುದ್ಧಪ್ರಚಾರದ ಹಾಡಾಗಿ ಕಂಡಿತು. ಜನರಿಗೆ ಮಾತ್ರ ಯಾರಿಗೆ ‘ಸರಿಯಿರಿ’ ಎನ್ನುತ್ತಿದ್ದಾರೆ ಅನ್ನೋದು ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

ಆ ಹಾಡಿನ ಹೆಣ್ಣುದನಿ ಯಾರದು? ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರದು. ಸೋದರಿ ಗೋಹರ್‌ಬಾಯಿ ಬಾಲಗಂಧರ್ವರ ಕಂಪನಿಯಲ್ಲಿ ಹಾಡಿದವರು. ನಾಟಕ, ಸಂಗೀತ ಇವೇ ಬದುಕಾಗಿದ್ದ ಮನೆತನ. ಇಡೀ ಹಿಂದೂಸ್ತಾನ ತಲೆದೂಗಿದ ಆ ದನಿಯ ಹಿಂದೆ ನಮ್ಮ ಬಯಲುಸೀಮೆಯ ಊರೊಂದು ಇದೆ ಅನ್ನೋದು ನಮ್ಮ ಶಾಲೆಯ ಹುಡುಗರಿಗೆ ಗೊತ್ತೈತೇನು? ರಹಮತ್ ತರೀಕೆರೆಯವರು ಅವರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹುಡುಕಿ ಓದ್ರಿ.

ಈಗ ಅದೇ ವರ್ಷದ ಇನ್ನೊಂದು ತಾರೀಕು ಹೇಳುತ್ತೇನೆ. 1943ರ ಏಪ್ರಿಲ್ 1. ಕರ್ಜಗಿಯಿಂದ ಸೈಕಲ್ ಮೇಲೆ ಹೋಗಿಬರಬಹುದಾದ ಹೊಸರಿತ್ತಿ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ, ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಪೋಲೀಸರ ಗುಂಡಿಗೆ ಬಿದ್ದರು. ಜನರಿಂದ ಎತ್ತಿದ ಕಂದಾಯದ ಹಣ ಅಲ್ಲಿ ಇತ್ತು, ಅದನ್ನು ವಶಪಡಿಸಿಕೊಳ್ಳಲು ಹೋಗಿದ್ದರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಹುಡುಗ ಸಾಯುವಾಗ ಅವರಿಗಿನ್ನೂ 32 ತುಂಬಿರಲಿಲ್ಲ.

ಇವೆರಡನ್ನೂ ಒತ್ತಟ್ಟಿಗೆ ಇಟ್ಟು ನೋಡ್ರಿ. ಜನವರಿಯಲ್ಲಿ ಆ ಹಾಡು, ಏಪ್ರಿಲ್‌ನಲ್ಲಿ ಈ ಗುಂಡು. ಹಾಡಿನ ದನಿ ತಟ್ಟೆಯೊಳಗೆ ಉಳಿಯಿತು, ಇವತ್ತೂ ಕೇಳಬಹುದು. ಹುತಾತ್ಮರ ಹೆಸರು ಹಾವೇರಿಯ ವೀರಸೌಧದ ಮೇಲೆ ಉಳಿಯಿತು. ಆದರೆ ಆ ವರ್ಷಗಳಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ತಂಬುಗಳಲ್ಲಿ ನಮ್ಮದೇ ಮಾತಿನಲ್ಲಿ ಹಾಡಿದ್ದು ಏನಾಯಿತು? ನಮ್ಮ ನಟರು ಹಾಡಿದ್ದು, ನಮ್ಮ ರೈತರು ಕೇಳಿದ್ದು, ಮರುದಿನ ಹೊಲದಲ್ಲಿ ಗುನುಗಿದ್ದು ಎಲ್ಲಿ ಉಳಿದಿದೆ? ನನ್ನ ತಕರಾರು ಇದೇ. ಅದನ್ನು ಉಳಿಸಿಕೊಳ್ಳಲಿಲ್ಲ. ಅಲ್ಪಸ್ವಲ್ಪ ಉಳಿದದ್ದನ್ನೂ ಟ್ರ್ಯಾಕಿಗೆ ಕಟ್ಟಿ, ಅದರ ಕಥೆ ಕಿತ್ತು, ಹಲ್ಲು ಕಿತ್ತ ಹಾವಿನ ಹಾಗೆ ವೇದಿಕೆಯ ಮೇಲೆ ಆಡಿಸುತ್ತಿದ್ದೇವೆ.

ಕಂಪನಿ ನಾಟಕದಲ್ಲಿ ಹಾಡು ಹೆಂಗ್ ನಡೀತಿತ್ತು ಅನ್ನೋದನ್ನ ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ರೈಲು ದಾರಿಯ ಮೇಲೆ ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸಾಲಾಗಿ ಬರುತ್ತವೆ. ಪರದೆ, ಪೆಟ್ಟಿಗೆ, ಪೋಷಾಕು ಹೊತ್ತು ತಿರುಗುವ ಕಂಪನಿಗೆ ರೈಲು ಇದ್ದ ಊರು ಬೇಕು, ಪೇಟೆ ಇದ್ದ ಊರು ಬೇಕು, ಜಾತ್ರೆ ಇದ್ದ ಊರು ಬೇಕು. ರಾತ್ರಿ ಊಟದ ಹೊತ್ತು ಮುಗಿದ ಮೇಲೆ ಶುರುವಾದ ಆಟ ಬೆಳಗಿನ ಜಾವಕ್ಕೆ ಮಂಗಳ. ರಂಗದ ಮುಂದೆ ಕಾಲ್ಪೇಟಿ, ಪಕ್ಕದಲ್ಲಿ ತಬಲಾ. ಪೇಟಿ ಮಾಸ್ತರನ ಕಣ್ಣು ನಟನ ಮೇಲೆ. ನಟ ಮಾತಿನಿಂದ ಹಾಡಿಗೆ ಏರುವಾಗ ಮಾಸ್ತರ ಒಂದು ಸ್ವರ ಹಿಡಿದು ಕೊಡುತ್ತಾನೆ. ಜನ ಒನ್ಸ್‌ಮೋರ್ ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕು. ಎರಡನೇ ಸಲ ಹಾಡುವಾಗ ಒಂದು ಶಬ್ದದ ಮೇಲೆ ನಿಲ್ಲಬಹುದು, ಒಂದು ಸಾಲನ್ನು ನಾಲ್ಕು ಸಲ ತಿರುಗಿಸಬಹುದು, ಜನರ ಕಡೆ ಕೈ ಮಾಡಬಹುದು. ಬರೆದ ಪದ ಅದೇ. ಪೋಲೀಸನ ಕೈಯಲ್ಲಿರುವ ಪುಸ್ತಕದಲ್ಲಿ ಏನೂ ಬದಲಾಗಿಲ್ಲ. ಆದರೆ ನಟ ಎಲ್ಲಿ ನಿಂತ, ಯಾರ ಕಡೆ ನೋಡಿದ, ಜನ ಎಲ್ಲಿ ಚಪ್ಪಾಳೆ ಹೊಡೆದರು ಅನ್ನುವುದರಲ್ಲಿ ಅರ್ಥ ಇರುತ್ತಿತ್ತು.

ಟ್ರ್ಯಾಕ್ ಕೊಲ್ಲುವುದು ಸರಿಯಾಗಿ ಇದನ್ನೇ. ಟ್ರ್ಯಾಕಿಗೆ ಒನ್ಸ್‌ಮೋರ್ ಗೊತ್ತಿಲ್ಲ. ನಿಲ್ಲೋದು ಗೊತ್ತಿಲ್ಲ. ಮೂರು ನಿಮಿಷಕ್ಕೆ ಮುಗಿಯೋದು ಮಾತ್ರ ಗೊತ್ತು. ಹಾಡುವವನು ಅದರ ಹಿಂದೆ ಎತ್ತಿನ ಹಿಂದಿನ ಕರುವಿನ ಹಾಗೆ ಓಡಬೇಕು.

‘ಕಂಪನಿ ಹಾಡು ಅಂದ್ರ ಎಲ್ಲಾ ಕದ್ದ ಧಾಟಿ, ಮರಾಠಿದೋ ಹಿಂದಿದೋ, ಅದರಾಗ ನಮ್ಮದೇನೈತಿ’ ಅಂತ ಮೂಗು ಮುರಿಯುವ ಪಂಡಿತರೂ ಇದ್ದಾರೆ. ಹೌದು, ಧಾಟಿ ತಂದಿದ್ದೇ. ಹಳೇ ಹಾಡಿನ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆಯೇ ಇಂಥದರ ಧಾಟಿ ಅಂತ ಮುಚ್ಚುಮರೆಯಿಲ್ಲದೆ ಅಚ್ಚು ಹಾಕುತ್ತಿದ್ದರು. ಅದು ಕಳವಲ್ಲ, ವಿಳಾಸ. ಓದಲು ಬಾರದವನೂ ಒಮ್ಮೆ ಕೇಳಿದರೆ ಎರಡನೇ ಸಲಕ್ಕೆ ಹಾಡಬೇಕು ಅಂದರೆ ಧಾಟಿ ಮೊದಲೇ ಅವನ ಕಿವಿಯಲ್ಲಿ ಇರಬೇಕು. ಕಂಪನಿಯನ್ನು ಕೀಳು ಸಂಗೀತ ಅನ್ನುವವರಿಗೆ ಒಂದೇ ಪ್ರಶ್ನೆ: ಮಲ್ಲಿಕಾರ್ಜುನ ಮನಸೂರರು ಮೊದಲು ಹಾಡಿದ್ದು ಎಲ್ಲಿ? ವಾಮನರಾವ್ ಮಾಸ್ತರರ ಕಂಪನಿಯಲ್ಲಿ, ಬಾಲನಟನಾಗಿ. ಬಸವರಾಜ ರಾಜಗುರುಗಳೂ ಎಳವೆಯಲ್ಲಿ ಬಣ್ಣ ಹಚ್ಚಿದವರೇ.

ನಮ್ಮ ಜಿಲ್ಲೆಯ ಮಾತೇ ಬೇಕಂದ್ರ ಅದೂ ಐತಿ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ಇವರು ನಾಟಕ ಕಂಪನಿಯನ್ನೂ ನಡೆಸಿದರು. ಪಂಚಾಕ್ಷರಿ ಗವಾಯಿಗಳು ತೀರಿಕೊಂಡದ್ದು 1944ರಲ್ಲಿ, ಯುದ್ಧ ಇನ್ನೂ ನಡೆದಿರುವಾಗಲೇ. ಕಾಳಿನ ಅಭಾವದ ಆ ಕಾಲದಲ್ಲಿ ನಾಟಕದ ಹಾಡು ಅನ್ನ ಆಗಿತ್ತು. ಅದನ್ನು ‘ಕದ್ದ ಧಾಟಿ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಮೊದಲು ಆ ಪಂಕ್ತಿಯಲ್ಲಿ ಕುಳಿತು ಉಣ್ಣಲಿ.

ಇನ್ನೊಂದು ಪಕ್ಷ ಇದೆ. ಅವರು ನನ್ನ ಪಕ್ಷದವರೇ ಅನ್ನೋ ಹಂಗ ಕಾಣ್ತಾರ, ಆದ್ರ ಅವರಿಂದಲೂ ಕೇಡೇ. ಅವರ ಪ್ರಕಾರ ಕಂಪನಿಯ ಪ್ರತಿ ನಟನೂ ದೇಶಭಕ್ತ, ಪ್ರತಿ ಹಾಡೂ ಸ್ವಾತಂತ್ರ್ಯಗೀತೆ. ಹಂಗೇನೂ ಇರಲಿಲ್ಲ. ಗರೂಡ ಸದಾಶಿವರಾಯರ ‘ಎಚ್ಚಮನಾಯಕ’ದಂಥ ದೇಶಾಭಿಮಾನದ ನಾಟಕಗಳು ಇದ್ದವು ನಿಜ. ಆದರೆ ಕಂಪನಿ ಅಂದರೆ ವ್ಯಾಪಾರ. ನಾಳೆ ರಾತ್ರಿಯ ಕಲೆಕ್ಷನ್ ಮೇಲೆ ನಲವತ್ತು ಐವತ್ತು ಮಂದಿಯ ಊಟ ನಿಂತಿರುತ್ತಿತ್ತು. ಪರವಾನಗಿ ಕೊಡುವವನೂ ಅದೇ ಸರ್ಕಾರದ ಸಾಹೇಬ. ಮಾಲೀಕ ಹೆದರುತ್ತಿದ್ದ, ಹೆದರಬೇಕಾಗಿತ್ತು. ಪ್ರೇಮದ ಹಾಡು, ಭಕ್ತಿಯ ಹಾಡು, ಗಂಡ ಹೆಂಡಿರ ಜಗಳದ ಹಾಡು, ಹಾಸ್ಯದವನು ಊರ ಸಾಹುಕಾರನನ್ನೂ ಬೆಲೆ ಏರಿಕೆಯನ್ನೂ ಚುಚ್ಚುವ ಮಾತು, ಎಲ್ಲ ಸೇರಿ ನಾಟಕ. ಬರೀ ‘ದೇಶಭಕ್ತಿದು’ ಆರಿಸಿ ಉಳಿದದ್ದನ್ನು ಬಿಟ್ಟರೆ ಆ ಕಾಲದ ಜನ ಹೇಗೆ ಬದುಕಿದರು ಅನ್ನೋದೇ ಹೋಗಿಬಿಡುತ್ತದೆ. ಅದರಲ್ಲೂ ಮೊದಲು ಹೋದದ್ದು ಹಾಸ್ಯದ ಹಾಡು. ಅಂದಂದಿನ ಸುದ್ದಿಗೆ ತಕ್ಕಂತೆ ಅಲ್ಲಿಂದಲ್ಲೇ ಕಟ್ಟಿದ್ದು, ಯಾವ ಪುಸ್ತಕದಲ್ಲೂ ಬರೆದಿಟ್ಟದ್ದಲ್ಲ.

ಇದೇ ಯುದ್ಧದ ಹೊತ್ತಿಗೆ ಬೇರೆಯವರು ಏನು ಮಾಡಿದರು ನೋಡ್ರಿ. 1942ರ ಜುಲೈ 4ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ದಿಸ್ ಈಸ್ ದಿ ಆರ್ಮಿ’ ಎಂಬ ಹಾಡು ಕುಣಿತದ ಆಟ ಶುರುವಾಯಿತು. ಹಾಡು ಕಟ್ಟಿದವರು ಇರ್ವಿಂಗ್ ಬರ್ಲಿನ್. ರಂಗದ ಮೇಲೆ ಇದ್ದವರೆಲ್ಲ ನಿಜವಾದ ಸೈನಿಕರು. ದೇಶದ ಹೊಗಳಿಕೆಯ ಹಾಡೂ ಇತ್ತು. ಬೆಳಗ್ಗೆ ಕಹಳೆ ಊದಿ ಎಬ್ಬಿಸುವವನ ಮೇಲೆ ಸಿಪಾಯಿ ಸಿಡಿಮಿಡಿಗೊಳ್ಳುವ ಹಾಡೂ ಇತ್ತು, ಅದನ್ನು ಬರ್ಲಿನ್ನರೇ ಬಂದು ಹಾಡುತ್ತಿದ್ದರು. ಅದೇ ವರ್ಷ ಆ ಹಾಡುಗಳ ಗ್ರಾಮಫೋನ್ ತಟ್ಟೆಗಳು ಬಂದವು, ಮರುವರ್ಷ ಸಿನಿಮಾ ಬಂತು. ಗೊಣಗಾಟವನ್ನೂ ಅವರು ಬಿಸಾಡಲಿಲ್ಲ. 1963ರಲ್ಲಿ ಲಂಡನ್ನಿನಲ್ಲಿ ಜೋನ್ ಲಿಟಲ್‌ವುಡ್ ಎಂಬಾಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೊದಲನೇ ಮಹಾಯುದ್ಧದ ಸಿಪಾಯಿಗಳ ಹಾಡುಗಳನ್ನು ಕೂಡಿಸಿ ‘ಓ ವಾಟ್ ಎ ಲವ್ಲಿ ವಾರ್’ ಎಂಬ ನಾಟಕ ಮಾಡಿದರು. ಮುಂದೆ ನಟರು ನಗುನಗುತ್ತ ಹಾಡುತ್ತಾರೆ, ಹಿಂದಿನ ಫಲಕದ ಮೇಲೆ ಯಾವ ಕದನದಲ್ಲಿ ಎಷ್ಟು ಮಂದಿ ಸತ್ತರು ಅನ್ನುವ ಲೆಕ್ಕ ಹೋಗುತ್ತಿರುತ್ತದೆ. ಹಾಡು ಅದೇ ಹಳೆಯದು. ಅದರ ಕಾಲವನ್ನು ಅದರ ಪಕ್ಕದಲ್ಲೇ ಇಟ್ಟದ್ದರಿಂದ ಕೇಳುವವರ ಮೈ ಜುಂ ಅಂದಿತು.

ಅವರಿಗೆ ರೊಕ್ಕ ಇತ್ತು, ತಟ್ಟೆ ಕಂಪನಿ ಇತ್ತು, ನಮಗೇನಿತ್ತು ಅಂತ ಕೇಳಬಹುದು. ಒಪ್ಪಿದೆ. ಯುದ್ಧದ ಕಾಲದಲ್ಲಿ ಕಚ್ಚಾ ಫಿಲ್ಮಿಗೂ ಲೈಸೆನ್ಸ್ ಬೇಕಿತ್ತು. ಕನ್ನಡ ಸಿನಿಮಾ ವರ್ಷಕ್ಕೆ ಒಂದೋ ಎರಡೋ ಬಂದರೆ ಹೆಚ್ಚು. ಅಂದು ತಂಬುವಿನ ಹಾಡನ್ನು ಹಿಡಿದಿಡಲು ನಮ್ಮಿಂದ ಆಗುತ್ತಿರಲಿಲ್ಲ. ಆದರೆ ಇಂದು? ಪ್ರತಿ ಕಿಸೆಯಲ್ಲೂ ದನಿ ಹಿಡಿಯುವ ಯಂತ್ರ ಐತಿ. ಆರ್. ಪರಮಶಿವನ್ ಅಂಥವರು ಮೈಸೂರು ಕಡೆಯ ಕಂಪನಿ ಮಟ್ಟುಗಳನ್ನು ನೆನಪಿನಿಂದ ತೆಗೆದು ಹೊಸಬರಿಗೆ ಕಲಿಸಿದರು. ನಮ್ಮ ಕಡೆ ಏಣಗಿ ಬಾಳಪ್ಪನವರು ನೂರು ವರ್ಷ ದಾಟಿ ಬದುಕಿ, 2017ರಲ್ಲಿ ಹೋದರು. ನೂರು ವರ್ಷ ಒಬ್ಬ ಮನುಷ್ಯ ಕಾಯಬಹುದು, ಅದಕ್ಕಿಂತ ಹೆಚ್ಚು ಕಾಯಲಾರ. 1943ರಲ್ಲಿ ಹತ್ತು ವರ್ಷದವರಿದ್ದವರ ಲೆಕ್ಕ ನೀವೇ ಹಾಕಿಕೊಳ್ಳಿ.

ಬರೀ ಬೈದರೆ ಆಗಲಿಲ್ಲ, ಏನು ಮಾಡಬೇಕು ಅದನ್ನೂ ಹೇಳುತ್ತೇನೆ.

ಮೊದಲನೆಯದು, ಸಂಘಟಕರಿಗೆ. ಹಾಡು ಮೂರರ ಬದಲು ಒಂದೇ ಇರಲಿ. ಅದರ ಹಿಂದಿನ ಮಾತು, ಮುಂದಿನ ಮಾತು ಸೇರಿಸಿ ಇಡೀ ಪ್ರಸಂಗ ಆಡಿಸಿರಿ. ಪೇಟಿ, ತಬಲಾ ಎದುರಿಗೆ ಇರಲಿ. ಹಾಡುವ ಮುಂಚೆ ನಾಟಕದ ಹೆಸರು, ಕವಿಯ ಹೆಸರು ಹೇಳಿರಿ. ಪೇಟಿ ನುಡಿಸುವವರಿಗೆ ಗೌರವಧನ ಕೊಡಿರಿ. ಶಾಲು ಅವರ ಮನೆಯಲ್ಲಿ ಬೇಕಾದಷ್ಟಿವೆ.

ಎರಡನೆಯದು, ಹಳ್ಳಿಯ ನಾಟಕ ಸಂಘಗಳಿಗೆ. ಜಾತ್ರೆಗೆ, ಹಬ್ಬಕ್ಕೆ ಇವತ್ತೂ ನೀವು ನಾಟಕ ಆಡತೀರಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇವತ್ತೂ ಕಂಪನಿಗಳು ತಂಬು ಹೂಡುತ್ತವೆ. ಈ ಪರಂಪರೆ ಸತ್ತಿಲ್ಲ, ಅದೇ ಸಮಾಧಾನ. ಆದರೆ ನಡುವೆ ಸಿನಿಮಾ ಹಾಡಿಗೆ ಡ್ಯಾನ್ಸ್ ತುರುಕುವ ಬದಲು ನಿಮ್ಮೂರ ಹಿರಿಯರು ಆಡಿದ ನಾಟಕದ್ದೇ ಒಂದು ಹಾಡು ಹಾಕಿ ನೋಡ್ರಿ. ಕರ್ಜಗಿ ಕಾರಹುಣ್ಣಿಮೆ ನೋಡಲು ಸುತ್ತಲಿನ ಹಳ್ಳಿಗಳ ಜನ ಸೇರುತ್ತಾರೆ. ಅಷ್ಟು ಕಿವಿಗಳು ಒಂದೇ ಕಡೆ ಬ್ಯಾರೆ ಯಾವಾಗ ಸಿಗತಾವ?

ಮೂರನೆಯದು, ವಿದ್ಯೆ ಕಲಿತವರಿಗೆ. ಜಾನಪದ ವಿಶ್ವವಿದ್ಯಾಲಯ ಇರುವುದು ನಮ್ಮ ಜಿಲ್ಲೆಯ ಗೊಟಗೋಡಿಯಲ್ಲೇ. ದೊಡ್ಡಾಟ, ಲಾವಣಿ ಜಾನಪದ ಆದರೆ ತಂಬುವಿನಿಂದ ಹೊರಬಿದ್ದು ಹೊಲ ಸೇರಿದ ಕಂಪನಿ ಹಾಡೂ ಜಾನಪದವೇ. ಹಳೇ ಹಾಡಿನ ಪುಸ್ತಕಗಳು ಎಷ್ಟೋ ಮನೆಯ ಅಟ್ಟದ ಮೇಲೆ ಇಲಿಗಳ ಪಾಲಾಗುತ್ತಿವೆ. ಅವುಗಳಲ್ಲಿ ಪದ ಇದೆ, ಧಾಟಿಯ ಹೆಸರಿದೆ. ಆ ಧಾಟಿ ಹೇಗೆ ಅನ್ನೋದು ಮಾತ್ರ ಹಾಡಬಲ್ಲವರ ಗಂಟಲಲ್ಲಿದೆ. ಗಂಟಲು ಹೋದರೆ ಪುಸ್ತಕ ಮೂಕ.

ನಾಲ್ಕನೆಯದು, ಏಪ್ರಿಲ್ 1ರಂದು ಹುತಾತ್ಮರ ನೆನಪಿಗೆ ಹೂವು ಏರಿಸುವವರಿಗೆ. ಆ ಸಂಜೆ ಭಾಷಣ ಕಡಿಮೆ ಮಾಡಿ ಆ ವರ್ಷದ ಜನ ಕೇಳಿದಂಥ ಒಂದು ನಾಟಕದ ಪ್ರಸಂಗ ಆಡಿಸಿರಿ. ಕಂಸನದೇ ಆಗಲಿ. ಆಮೇಲೆ ಆ ದಿನ ಹೊಸರಿತ್ತಿಯಲ್ಲಿ ಏನಾಯಿತು ಅನ್ನೋದನ್ನು ಒಬ್ಬರು ಎದ್ದು ಓದಲಿ. ಕಂಸನ ಹಾಡು ದೇಶಭಕ್ತಿಯ ಹಾಡು ಹೇಗೆ ಅನ್ನೋದನ್ನು ಬೇರೆ ಯಾರೂ ಬಿಡಿಸಿ ಹೇಳುವುದು ಬೇಕಾಗುವುದಿಲ್ಲ.

ಕಡೆಯದು, ಓದುಗರಾದ ನಿಮಗೆ. ಮನಿಯೊಳಗ ಎಂಬತ್ತು ತೊಂಬತ್ತು ದಾಟಿದ ಅಜ್ಜ ಅಜ್ಜಿ ಇದ್ರ ಇವತ್ತ ರಾತ್ರಿ ಊಟ ಆದ ಮ್ಯಾಲೆ ಒಂದು ಮಾತು ಕೇಳ್ರಿ: “ಸಣ್ಣವರಿದ್ದಾಗ ಯಾವ ನಾಟಕ ನೋಡಿದ್ರಿ? ಅದರಾಗಿನ ಹಾಡು ನೆನಪೈತೇನು?” ಮೊದಲಿಗೆ ಇಲ್ಲ ಅಂತಾರ. ಸ್ವಲ್ಪ ತಡದ್ರ ಒಂದು ಸಾಲು ಬರ್ತೈತಿ, ಆಮ್ಯಾಲೆ ಇನ್ನೊಂದು. ಮೊಬೈಲ್ ಚಾಲೂ ಮಾಡಿ ಪಕ್ಕಕ್ಕ ಇಡ್ರಿ. ದನಿ ನಡುಗಿದ್ರೂ ನಡೀತೈತಿ, ಪದ ಮರತ್ರೂ ನಡೀತೈತಿ. ಯಾವ ಊರಾಗ, ಯಾರ ಕಂಪನಿ, ಯಾವ 
ವರ್ಷ ಅಂತ ಕೇಳಿ ಬರಕೊಳ್ರಿ. ಟ್ರ್ಯಾಕ್ ಮಾತ್ರ ಹಾಕಬ್ಯಾಡ್ರಿ.